ಕುಟ್ಟಿದ್ದು ಏನನ್ನು?

ಕಾಡಿನ ಶಾಲೆಯ ಮರಕುಟಿಗ ಮೇಷ್ಟ್ರ ಮೇಲೊಂದು ದೂರು ಬಂತು. "ಪಾಠದ ಹೊತ್ತಿನಲ್ಲಿ ಮೇಷ್ಟ್ರು ಜೋರಾಗಿ ಕುಟ್ಟಿದರು" ಎಂದು ಗುಬ್ಬಿಮರಿ ಹೇಳಿದ್ದನ್ನು ಕಾಗೆ ಬರೆದುಕೊಟ್ಟಿತ್ತು. ವಿಚಾರಣೆಗೆ ಕೂತವರು ಇಬ್ಬರು, ಕೊಕ್ಕರೆ ಮತ್ತು ಮುದಿ ಆಮೆ.

ಕೊಕ್ಕರೆ ಬರೆದಿಟ್ಟ ಎಲೆಯೊಂದನ್ನು ಆಮೆಯ ಮುಂದೆ ಸರಿಸಿತು. "ಮಗುವಿನ ತಲೆಗೆ ಕುಟ್ಟಿದವರು ಮೇಷ್ಟ್ರಾಗಿರಲು ಲಾಯಕ್ಕಿಲ್ಲ. ಕೆಲಸದಿಂದ ತೆಗೆಯುವ ಆಜ್ಞೆ ಇದು. ಸಹಿ ಹಾಕಿ."

ಆಮೆಗೆ ಓದುವುದೂ ನಿಧಾನವೇ. ದೂರನ್ನು ಎರಡು ಸಲ ಓದಿತು. ಕುಟ್ಟಿದರು ಎಂದಿತ್ತು, ತಲೆಯ ಮಾತೇ ಅದರಲ್ಲಿರಲಿಲ್ಲ. ಆಮೆ ಎದುರಿಗೆ ಕೂತಿದ್ದ ಗುಬ್ಬಿಮರಿಯತ್ತ ಕತ್ತು ಹೊರಳಿಸಿತು.

"ಮರೀ, ಮೇಷ್ಟ್ರು ಕುಟ್ಟಿದ್ದು ಏನನ್ನು?"

"ಮರವನ್ನು, ಅಜ್ಜಾ. ಆ ಸದ್ದಿಗೆ ಹೆದರಿಕೆಯಾಯಿತು. ಅಷ್ಟೇ ಹೇಳಿದ್ದೆ."

ಮೇಷ್ಟ್ರು ತಲೆ ತಗ್ಗಿಸಿದರು. "ಮಗುವನ್ನು ಹೆದರಿಸಿದ್ದು ನನ್ನ ತಪ್ಪು. ಇನ್ನು ಮೆಲ್ಲಗೆ ಕುಟ್ಟುತ್ತೇನೆ."

ಕೊಕ್ಕರೆ ಸದ್ದಿಲ್ಲದೆ ಎಲೆಯನ್ನು ಹಿಂದಕ್ಕೆಳೆದುಕೊಳ್ಳಹೊರಟಿತು. ಆಮೆ ತಡೆಯಿತು.

"ಕೊಕ್ಕರೆಯವರೇ, ವಿಚಾರಣೆ ಶುರುವಾಗಿದ್ದು ಈಗತಾನೇ. ಈ ಎಲೆಯ ಮೇಲಿನ ಮಸಿ ಒಣಗಿದ್ದು ಯಾವಾಗ?"