ಜಯದೇವಪ್ಪನವರು ಆರಿಸಿಕೊಂಡ ಚಾಕು

ಈಗ ನೆನೆಸಿಕೊಂಡರೂ ಮೈ ಉರಿಯುತ್ತೆ, ಕೇಳಿ. ನಮ್ಮ ಮಾರ್ಕೆಟ್ ಕಮಿಟಿ ಅಧ್ಯಕ್ಷ ಜಯದೇವಪ್ಪನವರಿಗೆ ಹಳೇ ಮಡಚುವ ಚಾಕು ಕೂಡಿಡುವ ಹುಚ್ಚು. ಕೊಳ್ಳೋದಲ್ಲ, ಹೆದರಿಸಿ ಕಿತ್ತುಕೊಳ್ಳೋದು. ಕಳ್ಳನಾದರೂ ವಾಸಿ, ನಾಚಿಕೊಂಡು ಕತ್ತಲಲ್ಲಿ ಬರ್ತಾನೆ.

ಗೇಟಿನ ಹತ್ತಿರ ಸಾಣೆ ಹಿಡಿಯುವ ಅಕ್ಕನಿಗೆ ಹೇಳಿಕಳಿಸಿದರು: "ನಿಮ್ಮಪ್ಪಂದು ಬ್ರಿಟಿಷರ ಕಾಲದ ಚಾಕು ಇದೆಯಂತೆ. ನಾಳೆ ತಂದುಕೊಡು. ಇಲ್ಲದಿದ್ರೆ ನಿನ್ನ ಸಾಣೆಚಕ್ರ ಇಲ್ಲಿಂದ ಎತ್ತಿಸ್ತೀನಿ."

ಸತ್ತ ಅಪ್ಪನ ಗುರುತು ಅಂತ ಇದ್ದದ್ದು ಅದೊಂದೇ. ಅಕ್ಕ ಅಳಲಿಲ್ಲ. ಮುರಿದ ಗರಗಸದ ತುಂಡಿಗೆ ಮೂಳೆ ಹಿಡಿ ಕೂರಿಸಿ, ಅಂಥದ್ದೇ ಇನ್ನೊಂದು ಚಾಕು ಮಾಡಿದಳು. ಹುಣಸೆರಸ, ಟೀ ಡಿಕಾಕ್ಷನ್ ಬೆರೆಸಿ ಅದರಲ್ಲಿ ನೆನೆಹಾಕಿದಳು. ಕರ್ರಗಾಯಿತು.

ಮರುದಿನ ಎಲ್ಲರೆದುರು ಎರಡನ್ನೂ ಇಟ್ಟಳು. "ಒಂದು ಅಪ್ಪಂದು, ಒಂದು ನಾನು ಮಾಡಿದ್ದು. ನೀವು ತಿಳಿದೋರು ಸಾರ್, ಅಪ್ಪಂದನ್ನ ಗುರುತಿಸಿ ತಗೊಳ್ಳಿ."

ಅಪ್ಪನ ಚಾಕು ದಿನಾ ಎಣ್ಣೆ ಕಂಡು ಮಿರಮಿರ ಮಿಂಚುತ್ತಿತ್ತು. ಅಧ್ಯಕ್ಷರು ಭೂತಗನ್ನಡಿ ಹಿಡಿದು ನೋಡಿ, ಕರೀ ಚಾಕನ್ನೇ ಎತ್ತಿ ಜೇಬಿಗಿಳಿಸಿದರು. "ನೋಡ್ರಯ್ಯಾ, ನೂರಿಪ್ಪತ್ತು ವರ್ಷದ ಮಾಲು! ಗುರುತಿಸೋಕೆ ಕಣ್ಣು ಬೇಕು." ಇನ್ನೊಂದನ್ನು ಅಕ್ಕನ ಮುಂದೆ ಬಿಸಾಡಿದರು. "ಈ ತಗಡನ್ನ ನೀನೇ ಇಟ್ಕೋ, ಈರುಳ್ಳಿ ಹೆಚ್ಚು."

ಅಕ್ಕ ಅದನ್ನು ಸೆರಗಿಗೆ ಗಂಟುಹಾಕಿಕೊಂಡು ಹೇಳಿದಳು: "ಸಾರ್, ಅದನ್ನ ಬಿಳೀ ಜುಬ್ಬದ ಜೇಬಿಂದ ತೆಗೀರಿ. ಟೀ ಬಣ್ಣ ಇನ್ನೂ ಒಣಗಿಲ್ಲ."

ಜೇಬಿನಿಂದ ಶಾಯಿಯಂಥ ಕಲೆ ಇಳಿಯುತ್ತಿತ್ತು. ಅಧ್ಯಕ್ಷರ ಮುಖ ಕೆಂಪಾಯಿತು. ಬಿಸಾಡಿದ್ದನ್ನು ವಾಪಸ್ ಕೇಳಿದರೆ ತನಗೇ ಕಣ್ಣಿಲ್ಲ ಅಂತ ಮಾರ್ಕೆಟ್ಟಿನೆದುರು ಒಪ್ಪಿಕೊಂಡ ಹಾಗೆ.

"ಅಸಲಿ ಹಳೇದು ಹೀಗೇ ಬಣ್ಣ ಬಿಡುತ್ತೆ!" ಅಂತ ಕಿರುಚಿ, ಕಲೆಯ ಮೇಲೆ ಕೈಯಿಟ್ಟುಕೊಂಡು ನಡೆದರು.