ಹರಿಗೋಲಿನ ತಳ

ಹೊಳೆದಂಡೆಯಲ್ಲಿ ಒಂದು ಮಠ. ಅಲ್ಲಿ ಹರಿಗೋಲು ನಡೆಸಿ ಜನರನ್ನು ದಾಟಿಸುವುದು ಶಿಷ್ಯ ಭರಮಣ್ಣನ ಸೇವೆ.

ಎರಡು ವರ್ಷದ ಹಿಂದೆ ಅವನ ಕರುಳಿನಲ್ಲಿ ಹುಣ್ಣೆದ್ದು ರಕ್ತ ಹರಿದಿತ್ತು. ಬದುಕಿದ್ದೇ ಹೆಚ್ಚು. ಔಷಧಿಯಿಂದ ಸುಧಾರಿಸಿಕೊಂಡಾಗ ಡಾಕ್ಟರಮ್ಮ ಮಾದರಿ ತರಲೆಂದು ಎರಡು ಖಾಲಿ ಡಬ್ಬಿ ಕೊಟ್ಟು, "ಆರಾಮಿದ್ದರೂ ಆರು ತಿಂಗಳಿಗೊಮ್ಮೆ ಮಲ ಪರೀಕ್ಷೆಗೆ ಕೊಡು. ಮತ್ತೆ ಕೆರಳಿದರೆ ಕರುಳನ್ನೇ ತೆಗೆಯಬೇಕಾದೀತು" ಎಂದಿದ್ದರು.

ಒಂದು ಬೆಳಿಗ್ಗೆ ಗುರುಗಳು ಮಿಂದು ಬಂದು ವಿಭೂತಿಗೆ ಕೈಹಾಕಿದರು. ಡಬ್ಬಿಯ ಮೇಲೆ ದವಾಖಾನೆಯ ಚೀಟಿ.

"ಇದರ ಮ್ಯಾಲ ನಿನ್ನ ಹೆಸರೈತಲ್ಲೋ?"

"ಹೌದ್ರಿ ಅಜ್ಜಾರ. ಮುಚ್ಚಳ ಭಾಳ ಬಿಗಿ ಐತಿ, ಅದಕ್ಕ ವಿಭೂತಿ ಹಾಕೀನಿ. ಇನ್ನೊಂದೂ ಹೊಸಾದು, ಹಂಗ ಐತಿ. ಬೇಕಂದ್ರ ಜೀರಗಿ ಹಾಕಿಡ್ರಿ."

"ಪರೀಕ್ಷೆ?"

"ಹೊಟ್ಟಿ ತಣ್ಣಗೈತ್ರಿ. ನೋವಿಲ್ಲ, ರಕ್ತ ಇಲ್ಲ. ಯಾಕ ಬೇಕ್ರಿ?"

ಗುರುಗಳು ವಿಭೂತಿ ಹಚ್ಚಿಕೊಂಡರು. "ನಡಿ, ಹೊಳಿ ದಾಟಿ ಪ್ಯಾಟಿಗೆ ಹೋಗಬೇಕು."

ಅಂದು ಅಮಾವಾಸ್ಯೆ. ಅಮಾವಾಸ್ಯೆಗೊಮ್ಮೆ ಹರಿಗೋಲನ್ನು ಬೋರಲು ಎತ್ತಿ, ಅದರಡಿ ಕೂತು, ಬಿಸಿಲು ತೂರುವ ತೂತಿದೆಯೇ ಎಂದು ನೋಡುವುದು ಭರಮಣ್ಣನ ರೂಢಿ. ಅವನು ಎತ್ತಲು ಬಗ್ಗಿದ.

"ಒಳಗ ನೀರು ಬಂದೈತೇನು?" ಗುರುಗಳು ಕೇಳಿದರು.

"ಇಲ್ರಿ. ಒಣಾ ಐತಿ."

"ಮತ್ತ ಬಿಡು. ನನಗ ತಡ ಆಗ್ತೈತಿ."

"ಸಿಟ್ಟಾಗಬ್ಯಾಡ್ರಿ ಅಜ್ಜಾರ. ನೋಡದ ನಿಮ್ಮನ್ನ ಹತ್ತಿಸ್ಕೊಳ್ಳಾಂಗಿಲ್ಲ. ನೀರು ಕಾಣೋ ಹೊತ್ತಿಗೆ ನಡುಹೊಳ್ಯಾಗ ಇರ್ತೀವಿ."

ಅವನು ಗುರುವಿಗೆ ಹೀಗೆ ಎದುರಾಡಿದ್ದು ಅದೇ ಮೊದಲು. ಹರಿಗೋಲು ಎತ್ತಿ ಒಳಗೆ ತೂರಿದ. ಸಾಸಿವೆಯಷ್ಟು ಬೆಳಕೊಂದು ಅವನ ಎದೆಯ ಮೇಲೆ ಬಿತ್ತು.

ಡಾಂಬರು ಕಾಸಿ, ತೂತು ಮುಚ್ಚಿ, ಕೈ ತೊಳೆದು ತಿರುಗಿದರೆ ಗುರುಗಳು ಜೋಳಿಗೆಯಿಂದ ಆ ಇನ್ನೊಂದು ಹೊಸ ಡಬ್ಬಿ ತೆಗೆದು ಚಾಚಿದ್ದರು.

ಭರಮಣ್ಣ ನಾಚಿಕೆಯಿಂದ ನೆಲ ನೋಡಿದ.

"ಅಜ್ಜಾರ, ಅದನ್ನ ಹಿಡಕೊಂಡು ಪ್ಯಾಟ್ಯಾಗ ಹೆಂಗ ಹೋಗ್ಲಿರಿ? ನಾನು ಮಠದವ."

"ನಾ ಹಿಡಕೊಂತೀನಿ. ಜೋಳಿಗ್ಯಾಗ ಜಾಗ ಐತಿ."

ಭರಮಣ್ಣ ಡಬ್ಬಿ ಇಸಿದುಕೊಂಡ. ಪೊದೆಗಳ ಮರೆಯತ್ತ ಎರಡು ಹೆಜ್ಜೆ ಹೋಗಿ ನಿಂತ.

"ಏನೂ ಸಿಗದಿದ್ರ?"

"ತೂತಿಲ್ಲ ಅಂದ್ರ ಡಾಂಬರು ಉಳೀತು. ಹೋಗಿ ಬಾ, ಅಲ್ಲೀತನಕ ಹರಿಗೋಲು ನಾ ಹಿಡಕೊಂಡಿರ್ತೀನಿ."