ಬಾವಿ ತೋಡುವವನ ಉಸಿರು

"ಗುರುಗಳೇ, ಮೈಯಲ್ಲಿ ಕೂತ ಭಯವನ್ನು ಬಿಡಿಸುವ ವೈದ್ಯೆಯ ಬಳಿಗೆ ನಾಳೆ ಹೋಗುತ್ತಿದ್ದೇನೆ. ಅಲ್ಲಿ ಏನಾಗುತ್ತದೆ? ಎಷ್ಟು ಕಷ್ಟವಾದರೂ ತಡೆದುಕೊಳ್ಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ" ಎಂದಳು ಶಿಷ್ಯೆ ಹೊನ್ನವ್ವ.

ಗುರುಗಳು ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಬಾವಿ ತೋಡುವವನೊಬ್ಬನಿದ್ದ. ಒಮ್ಮೆ ಅವನು ಆಳದಲ್ಲಿ ಒಬ್ಬನೇ ಇದ್ದಾಗ ಬದಿಯ ಮಣ್ಣು ಕುಸಿದು ಎದೆಯವರೆಗೆ ಮುಚ್ಚಿಕೊಂಡಿತು. ಬೆಳಗಿನಿಂದ ಕೂಗಿದ. ಯಾರಿಗೂ ಕೇಳಿಸಲಿಲ್ಲ. ಸಂಜೆ ಹೆಂಡತಿ ಹುಡುಕಿಕೊಂಡು ಬಂದಳು. ಊರವರು ಅವನನ್ನು ಮೇಲೆತ್ತಿದರು. ಒಂದು ಮೂಳೆಯೂ ಮುರಿದಿರಲಿಲ್ಲ. ಬದುಕಿಕೊಂಡೆನಲ್ಲ ಎಂದು ಅವನೂ ಸಮಾಧಾನಪಟ್ಟ.

ಆದರೆ ಅಂದಿನಿಂದ ಉಸಿರು ಎದೆಯಿಂದ ಕೆಳಗಿಳಿಯಲಿಲ್ಲ. ಹೆಗಲುಗಳು ಸೆಟೆದೇ ಇದ್ದವು. ಒಂದು ದಿನ ಪುಟ್ಟ ಮಗಳು ಎದೆಗೆ ಒರಗಿದಳು. ಉಸಿರುಕಟ್ಟಿದಂತಾಗಿ ಅವಳನ್ನು ದೂಡಿಬಿಟ್ಟ. ಮಗು ಅಳಲಿಲ್ಲ, ಅಪ್ಪನ ಮುಖವನ್ನೇ ನೋಡಿತು. ಮರುದಿನವೇ ಅವನು ಒಬ್ಬ ಮುದುಕಿ ವೈದ್ಯೆಯನ್ನು ಹುಡುಕಿಕೊಂಡು ಹೋದ.

ನಡೆದದ್ದನ್ನೆಲ್ಲ ಹೇಳಬೇಕೆಂದು ಅವನು ಬಾಯಿ ತೆರೆದ. "ಅದನ್ನು ಆಮೇಲೆ ಹೇಳುವೆಯಂತೆ. ಈಗ ನಿನ್ನ ಪಾದದ ಕೆಳಗೆ ನೆಲ ಹೇಗಿದೆ, ನೋಡು" ಎಂದಳು ಮುದುಕಿ. ಮೊದಲ ದಿನ ಅಷ್ಟೇ. ಸುಮ್ಮನೆ ಬಂದೆನೇನೋ ಎಂದುಕೊಂಡು ಮನೆಗೆ ಮರಳಿದ.

ಮತ್ತೆ ಹೋದ. ಉಸಿರು ಎಲ್ಲಿ ನಿಲ್ಲುತ್ತದೆಂದು ನೋಡಲು ಹೇಳಿದಳು. ನೋಡುತ್ತಿದ್ದಂತೆ ಮೊಣಕಾಲು ನಡುಗತೊಡಗಿದವು. ಅವನಿಗೆ ನಾಚಿಕೆಯಾಯಿತು. ಮುದುಕಿಗೆ ಅದೇನೂ ಹೊಸದಾಗಿರಲಿಲ್ಲ. ನಡುಕ ತಾನಾಗಿ ನಿಲ್ಲುವವರೆಗೆ ಕಾದಳು. ಕೆಲವು ದಿನ ಹಗುರಾಗಿ ಮನೆಗೆ ಬಂದ, ಕೆಲವು ದಿನ ಹೋಗುವಾಗ ಇದ್ದುದಕ್ಕಿಂತ ಭಾರವಾಗಿ ಬಂದ.

ಒಮ್ಮೆ ಅವನ ಒಪ್ಪಿಗೆ ಕೇಳಿ ಅವಳು ಬೆನ್ನಿನ ಮೇಲೆ ಅಂಗೈ ಇಟ್ಟಳು. ಅವನು ಹಲ್ಲು ಕಚ್ಚಿ ಕೂತ.

"ಯಾಕಪ್ಪಾ ಹಲ್ಲು ಕಚ್ಚುತ್ತೀ? ಬೇಡವೆನಿಸಿದರೆ ಹೇಳು."

ತುಂಬ ಹೊತ್ತಿನ ಮೇಲೆ ಅವನು ಪಿಸುದನಿಯಲ್ಲಿ "ಸಾಕು" ಎಂದ. ತಕ್ಷಣ ಕೈ ಸರಿಯಿತು. ಅವನು ತಿರುಗಿ ಅವಳನ್ನು ನೋಡಿದ.

"ಕೇಳಿಸಿತೇ?"

"ಕೇಳಿಸಿತು ಮಗನೇ."

ಅವನಿಗೆ ಅಳು ಬಂತು. ಅತ್ತು ಮುಗಿಯುವ ಹೊತ್ತಿಗೆ ಉಸಿರು ಹೊಟ್ಟೆಯವರೆಗೆ ಇಳಿದಿತ್ತು.

ಹೆಗಲು ಸಡಿಲವಾಗಲು ಇನ್ನೂ ಎಷ್ಟೋ ತಿಂಗಳು ಹಿಡಿಯಿತು. ಬಾವಿಯ ಮಾತನ್ನು ಅವನು ಸ್ವಲ್ಪಸ್ವಲ್ಪವಾಗಿ ಹೇಳಿದ, ಆದರೆ ಬಾವಿಗೆ ಮತ್ತೆ ಇಳಿಯಲಿಲ್ಲ. ಮಗಳು ಮಾತ್ರ ಅವನ ಎದೆಯ ಮೇಲೆ ನಿದ್ದೆ ಹೋಗುವಂತಾಯಿತು.

ಗುರುಗಳು ಕತೆ ನಿಲ್ಲಿಸಿದರು. ಹೊನ್ನವ್ವ ಕೇಳಿದಳು: "ಹಾಗಾದರೆ ನಾನು ನಾಳೆ ಹೇಗೆ ಸಿದ್ಧಳಾಗಿ ಹೋಗಲಿ?"

"ತಡೆದುಕೊಳ್ಳುವುದನ್ನು ಇಷ್ಟು ವರ್ಷ ಕಲಿತಿದ್ದೀಯೆ ತಾಯೀ, ‘ಸಾಕು’ ಎನ್ನುವುದನ್ನು ಇನ್ನು ಕಲಿ."